ಎರಡನೆಯ ಹೆಡ್‌ಫೋನ್

"ಕೆಳಗಿಡು ಪೆನ್ನು!"

ಚೀಟಿ ಅಕ್ಕನ ದನಿ ಮೊದಲು ಒಳಗೆ ಬಂತು. ಆಮೇಲೆ ಬಾಗಿಲು ಗೋಡೆಗೆ ಬಡಿಯಿತು. ಕೊನೆಗೆ ಅಕ್ಕ ಬಂದಳು, ಸೊಂಟಕ್ಕೆ ಒಂದು ಪ್ಲಾಸ್ಟಿಕ್ ಬುಟ್ಟಿ ಆನಿಸಿಕೊಂಡು.

ಮೇಜಿನ ಆಚೆ ಸ್ಟೇಷನ್ ಮ್ಯಾನೇಜರ್, ಈಚೆ ದರ್ಜಿ. ನಡುವೆ ಎರಡು ಹಾಳೆಯ ವರದಿ. ದರ್ಜಿಯ ಕೈಯಲ್ಲಿದ್ದ ಪೆನ್ನು 'ಸಹಿ' ಎಂಬ ಗೆರೆಯ ಮೇಲೆ ಆಗಲೇ ಒಂದು ಚುಕ್ಕಿ ಇಟ್ಟಾಗಿತ್ತು.

"ಅಮ್ಮಾ, ಬಾಗಿಲು ತಟ್ಟಿ ಬರೋ ಪದ್ಧತಿ ಇದೆ ಇಲ್ಲಿ," ಎಂದರು ಮ್ಯಾನೇಜರ್.

"ಓದಿ ಹೇಳಿ ಸಹಿ ಹಾಕಿಸ್ಕೊಳ್ಳೋ ಪದ್ಧತೀನೂ ಇದೆ ಸಾರ್. ಓದಿ ಹೇಳಿದ್ರಾ ಅವನಿಗೆ?"

ಅಕ್ಕ ಬುಟ್ಟಿಯನ್ನು ವರದಿಯ ಮೇಲೆಯೇ ಇಟ್ಟಳು. ಸಹಿಯ ಗೆರೆ ಬುಟ್ಟಿಯ ಅಡಿಗೆ ಹೋಯಿತು.

ಆ ವರದಿಯಲ್ಲೇನಿದೆ ಎಂದು ಅಕ್ಕನಿಗೆ ಬಾಯಿಪಾಠವಾಗಿತ್ತು. ಮಂಗಳವಾರ ಬೆಳಿಗ್ಗೆ ಎಂಟು ಹನ್ನೆರಡಕ್ಕೆ, ಮೂರನೆಯ ಪ್ಲಾಟ್‌ಫಾರ್ಮಿನಿಂದ ಬರುತ್ತಿದ್ದ ಗಾಡಿಯ ಮುಂದೆ ದನಿಯಮ್ಮ ಹಳಿಗೆ ಬಿದ್ದಳು. ಚಾಲಕ ಬ್ರೇಕ್ ಒತ್ತಿದ್ದರಿಂದ ಜೀವ ಉಳಿಯಿತು, ಎಚ್ಚರ ಉಳಿಯಲಿಲ್ಲ. ನಾಲ್ಕು ದಿನದಿಂದ ಆಸ್ಪತ್ರೆಯಲ್ಲಿ ಕಣ್ಣು ಮುಚ್ಚಿಯೇ ಮಲಗಿದ್ದಾಳೆ. 'ಸದರಿ ಮಹಿಳೆಯು ಸದ್ದು ಅಡಗಿಸುವ ಹೆಡ್‌ಫೋನ್ ಧರಿಸಿದ್ದ ಕಾರಣ ಗಾಡಿಯ ಹಾರ್ನ್ ಕೇಳಿಸದೆ, ತಮ್ಮದೇ ಅಜಾಗರೂಕತೆಯಿಂದ ಹಳದಿ ಗೆರೆ ದಾಟಿರುತ್ತಾರೆ.'

ಹಳದಿ ಗೆರೆ! ಆ ಪದವನ್ನು ಓದಿದಾಗಲೆಲ್ಲ ಅಕ್ಕನ ಮೈ ಉರಿಯುತ್ತಿತ್ತು. "ಪ್ರಯಾಣಿಕರು ದಯವಿಟ್ಟು ಹಳದಿ ಗೆರೆಯಿಂದ ಹಿಂದೆ ನಿಲ್ಲಿ" ಎಂದು ಹನ್ನೊಂದು ವರ್ಷದಿಂದ ಊರಿಗೆಲ್ಲ ಬುದ್ಧಿ ಹೇಳುತ್ತಿದ್ದವಳೇ ದನಿಯಮ್ಮ. ಆ ಮಾರ್ಗದ ಸ್ಟೇಷನ್ನುಗಳ ಘೋಷಣೆಗಳೆಲ್ಲ ಅವಳವು. ಅವಳು ಆಸ್ಪತ್ರೆಯಲ್ಲಿದ್ದರೂ ಧ್ವನಿಮುದ್ರಣ ಮಾತ್ರ ಈಗಲೂ ಹತ್ತು ನಿಮಿಷಕ್ಕೊಮ್ಮೆ ಸ್ಪೀಕರಿನಲ್ಲಿ ಹೊರಡುತ್ತಿತ್ತು. ಅಂಥವಳ ಹೆಸರಿಗೆ ಈ ಮಸಿ.

"ಸಾಯಂಕಾಲ ಐದರೊಳಗೆ ಫೈಲ್ ಮುಚ್ಚಬೇಕು," ಮ್ಯಾನೇಜರ್ ಬುಟ್ಟಿಯನ್ನು ಸರಿಸಲು ಕೈಚಾಚಿದರು. "ಮೇಲಿನವರು ಕೇಳ್ತಿದಾರೆ."

"ಮುಚ್ಚಿದ್ರೆ ಮೂರನೇ ಪ್ಲಾಟ್‌ಫಾರ್ಮಿನ ಕ್ಯಾಮೆರಾ ರೆಕಾರ್ಡಿಂಗು ನಾಳೆ ತಾನೇ ಅಳಿಸಿಹೋಗತ್ತೆ. ಅದೂ ಮೇಲಿನವರಿಗೆ ಗೊತ್ತಾ?"

"ಐದು ದಿನ ಆದ್ಮೇಲೆ ಎಲ್ಲ ರೆಕಾರ್ಡಿಂಗೂ ಹೋಗತ್ತೆ. ವಿಚಾರಣೆ ನಡೀತಿದ್ರೆ ಮಾತ್ರ ಇಟ್ಕೊಳ್ಳೋದು. ನಿಯಮ."

"ಅದಕ್ಕೇ ಕೇಳ್ತಿರೋದು. ಯಾರೋ ಅವಳನ್ನ ತಳ್ಳಿದಾರೆ ಸಾರ್. ನೀವು ಹೆಡ್‌ಫೋನಿನ ತಲೆ ಮೇಲೆ ಗೂಬೆ ಕೂರಿಸಿ ಕೈ ತೊಳ್ಕೋತಿದೀರಿ."

ದರ್ಜಿ ತಲೆ ಎತ್ತಲಿಲ್ಲ. ದನಿಯಮ್ಮನ ಗಂಡ ಅವನು. ಮೆತ್ತಗಿನ ಮನುಷ್ಯ, ಹೊಲಿದುಕೊಟ್ಟ ಬಟ್ಟೆ ಬಿಗಿಯಾಯಿತೆಂದು ಯಾರಾದರೂ ಜೋರು ಮಾಡಿದರೆ ಅಳತೆ ಕೊಟ್ಟವರ ಪರವಾಗಿಯೂ ತಾನೇ ಕ್ಷಮೆ ಕೇಳುವವನು. ನಾಲ್ಕು ದಿನದ ಗಡ್ಡ, ಕುತ್ತಿಗೆಯಲ್ಲಿ ತೆಗೆಯಲು ಮರೆತ ಅಳತೆ ಟೇಪು.

"ಬಿಡಿ ಅಕ್ಕ," ಎಂದ ಅವನು. "ಅವಳು ಉಳಿದ್ರೆ ಸಾಕು. ಇದೆಲ್ಲ ಇನ್ಯಾಕೆ?"

"ನೀನು ಸುಮ್ಮನಿರು ತಮ್ಮಾ. ಬಿದ್ದವರಿಗೆ ಆಳಿಗೊಂದು ಕಲ್ಲು ಅಂತ ಎಲ್ಲರೂ ಎಸೀತಿರುವಾಗ ನೀನೂ ಸಹಿ ಹಾಕಿ ಒಂದು ಎಸೀತೀಯಾ?"

ಅವನು ಪೆನ್ನನ್ನು ಮಾತ್ರ ಕೆಳಗಿಡಲಿಲ್ಲ.

ಅಕ್ಕನ ಕೆಲಸ ಸ್ಟೇಷನ್ನಿನ ಕಳೆದುಹೋದ ವಸ್ತುಗಳ ಕೌಂಟರಿನಲ್ಲಿ. ಸಿಕ್ಕಿದ್ದಕ್ಕೆಲ್ಲ ಚೀಟಿ ಕಟ್ಟುವುದರಿಂದ ಆ ಹೆಸರು. ಮೊದಲೆಲ್ಲ ಅಲ್ಲಿಗೆ ಬರುತ್ತಿದ್ದುದು ಕೊಡೆ, ಊಟದ ಡಬ್ಬಿ, ಒಂಟಿ ಚಪ್ಪಲಿ. ಈಗ ಬುಟ್ಟಿಗಟ್ಟಲೆ ಹೆಡ್‌ಫೋನು. ಕನ್ನಡಕದ ಕಡ್ಡಿ ಒತ್ತಿ ಕಿವಿ ನೋಯುತ್ತದೆಂದು ಬಿಚ್ಚಿ ಪಕ್ಕಕ್ಕಿಟ್ಟು ಮರೆತವರು, ನಿದ್ದೆ ಹತ್ತಿ ತಮ್ಮ ಸ್ಟೇಷನ್ ದಾಟಿತೆಂದು ಗಾಬರಿಯಲ್ಲಿ ಧುಮುಕಿದವರು, ಒಂದು ಕಿವಿಯದು ಬೀಳಿಸಿಕೊಂಡು ಇನ್ನೊಂದನ್ನು ಅಂಗೈಯಲ್ಲಿ ಹಿಡಿದು ಕೌಂಟರಿನ ಮುಂದೆ ನಿಂತವರು. ಇಂಥವರ ಜೊತೆ ಏಗಿ ಏಗಿ ಅಕ್ಕನಿಗೆ ಆ ವಸ್ತುವಿನ ಒಳಹೊರಗೆಲ್ಲ ತಿಳಿದಿತ್ತು.

ಅವಳದೊಂದು ಕ್ರಮ. ಯಾವ ಹೆಡ್‌ಫೋನ್ ಬಂದರೂ ಮೊದಲು ಒಮ್ಮೆ ಆನ್ ಮಾಡಿ ಕಿವಿಗಿಟ್ಟು ನೋಡುವುದು. ಒಳಗಿನ ಪುಟ್ಟ ಹೆಂಗಸಿನ ದನಿ 'ಕನೆಕ್ಟೆಡ್' ಅಂದರೆ ಅದರ ಜೋಡಿ ಫೋನು, ಎಂದರೆ ಅದರ ಯಜಮಾನ, ಅಲ್ಲೇ ಹತ್ತು ಹೆಜ್ಜೆಯೊಳಗೆ ಎಲ್ಲೋ ಹುಡುಕುತ್ತ ನಿಂತಿದ್ದಾನೆಂದು ಅರ್ಥ. ಅಕ್ಕ ಕೌಂಟರಿನಿಂದ ಎದ್ದು ನಿಂತು "ಯಾರದಪ್ಪಾ ಇದು?" ಎಂದು ಕೂಗುತ್ತಿದ್ದಳು. ಹಾಗೆ ಎಷ್ಟೋ ಜನರಿಗೆ ಚೀಟಿ ಕಟ್ಟುವ ಮೊದಲೇ ವಸ್ತು ಸಿಕ್ಕಿದೆ.

ಮಂಗಳವಾರ ಅವಳು ಕೌಂಟರಿನಲ್ಲಿರಲಿಲ್ಲ. ದವಡೆ ಹಲ್ಲು ಕೀಳಿಸಿಕೊಳ್ಳಲು ರಜೆ ಹಾಕಿದ್ದಳು. ಒಂಬತ್ತು ವರ್ಷದಿಂದ ದಿನವೂ ಒಂದೇ ಗಾಡಿಯಲ್ಲಿ, ಒಂದೇ ಬೋಗಿಯಲ್ಲಿ, ದನಿಯಮ್ಮನ ಪಕ್ಕದ ಸೀಟಿನಲ್ಲಿ ಕೂತು ಬಂದವಳು ಆ ಒಂದು ದಿನ ಇರಲಿಲ್ಲ. ಒಂದು ಹಾಳು ಹಲ್ಲಿಗಾಗಿ! ಆಮೇಲಿನ ದಿನಗಳನ್ನು ಆಸ್ಪತ್ರೆಯ ಬೆಂಚಿನ ಮೇಲೆ ಕಳೆದು, ಇವತ್ತು ಮಧ್ಯಾಹ್ನ ಕೌಂಟರಿಗೆ ಬಂದು ಮಂಗಳವಾರದ ಬುಟ್ಟಿಗೆ ಕೈ ಹಾಕಿದವಳು ಬುಟ್ಟಿಯನ್ನೇ ಎತ್ತಿಕೊಂಡು ಇಲ್ಲಿಗೆ ಓಡಿಬಂದಿದ್ದಳು.

ಈಗ ಅದೇ ಬುಟ್ಟಿಯಿಂದ ಒಂದು ಕಪ್ಪು ಹೆಡ್‌ಫೋನ್ ತೆಗೆದು ಮ್ಯಾನೇಜರ್ ಮುಂದೆ ಹಿಡಿದಳು.

"ಇದು ದನಿಯಮ್ಮಂದು."

ಮ್ಯಾನೇಜರ್ ನಕ್ಕರು. ಮೇಜಿನ ಖಾನೆ ಎಳೆದು, ಪ್ಲಾಸ್ಟಿಕ್ ಚೀಲವೊಂದನ್ನು ತೆಗೆದು ಇಟ್ಟರು. ಒಳಗೆ ಇನ್ನೊಂದು ಕಪ್ಪು ಹೆಡ್‌ಫೋನ್. ಪಕ್ಕದಲ್ಲಿ ಗಾಲಿಗೆ ಸಿಕ್ಕಿ ಚೂರುಚೂರಾದ ದನಿಯಮ್ಮನ ಫೋನು.

"ಅವರದು ಇಲ್ಲಿದೆ. ಆಸ್ಪತ್ರೆಯವರು ಅವರ ವಸ್ತುಗಳನ್ನೆಲ್ಲ ಇವರ ಕೈಗೆ ಕೊಟ್ರು, ಇವರು ನಮಗೆ ತಂದುಕೊಟ್ರು. ಹೆಂಡತೀದೇ ಅಂತ ಬರೆದೂ ಕೊಟ್ಟಿದಾರೆ. ಇನ್ನೇನು ಬೇಕು ನಿಮಗೆ?"

"ಕಣ್ಣು ಬೇಕು." ಅಕ್ಕ ತನ್ನ ಕೈಲಿದ್ದುದನ್ನು ಅವರ ಮೂಗಿನ ಹತ್ತಿರ ತಂದಳು. "ಈ ಮೆತ್ತೆ ನೋಡಿ. ಕಿವಿಗೆ ತಾಗೋ ಮೆತ್ತೆ. ಅಂಗಡೀದಲ್ಲ ಇದು. ಹಳೇದರ ಮೇಲಿನ ಕರೀ ಪದರ ಬೆವರಿಗೆ ಸುಲಿದು ಅವಳ ಕೆನ್ನೆಗೆಲ್ಲ ಅಂಟ್ತಿತ್ತು. ಹೊಸ ಹೆಡ್‌ಫೋನು ಕೊಳ್ಳೇ ಅಂದ್ರೆ, ಇದೇ ರೂಢಿಯಾಗಿದೆ ಅಂತಿದ್ಳು. ಕೊನೆಗೆ ನೀಲಿ ಚೌಕಳಿ ಕರವಸ್ತ್ರ ಕತ್ತರಿಸಿ ಹೊಸ ಮೆತ್ತೆ ಹೊಲಿದು ಕೊಟ್ಟೋರು ಯಾರು ಗೊತ್ತಾ? ಅಗೋ, ಅಲ್ಲಿ ಕೂತಿದಾನೆ."

ಮ್ಯಾನೇಜರ್ ದರ್ಜಿಯ ಕಡೆ ತಿರುಗಿದರು. ದರ್ಜಿ ಮೆತ್ತೆಯನ್ನೇ ನೋಡುತ್ತಿದ್ದ. ಒತ್ತೊತ್ತಾದ ಸಣ್ಣ ಹೊಲಿಗೆ. ಆ ಊರಿನಲ್ಲಿ ಅಷ್ಟು ಸಣ್ಣಗೆ ಹೊಲಿಯುವ ಕೈ ಬೇರೆ ಇರಲಿಲ್ಲ.

"ಹೌದೇನ್ರೀ?"

"ಹೂಂ ಸಾರ್. ನಾನೇ ಹೊಲಿದಿದ್ದು."

"ಮತ್ತೆ ಇದನ್ನ ಹೆಂಡತೀದು ಅಂತ ಹೇಗೆ ಬರೆದುಕೊಟ್ರಿ?"

ದರ್ಜಿ ಅಳತೆ ಟೇಪಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡ. "ಕಣ್ಣು ಮಂಜಾಗಿತ್ತು ಸಾರ್. ಚೀಲದೊಳಗೆ ಕಪ್ಪಗೆ ಕಾಣಿಸ್ತು. ಹೌದಾ ಅಂದ್ರು, ಹೌದು ಅಂದೆ."

"ಕೇಳಿದ್ರಾ?" ಅಕ್ಕ ಮೇಜು ಕುಟ್ಟಿದಳು. "ಹೆಂಡತಿ ಸಾವು ಬದುಕಿನ ನಡುವೆ ಇದಾಳೆ. ಅಂಥವನ ಮುಂದೆ ಕಾಗದ ಹಿಡಿದ್ರೆ ಬರೆಯದೆ ಏನ್ಮಾಡ್ತಾನೆ? ಎತ್ತು ಈಯ್ತು ಅಂದ್ರೆ ಕೊಟ್ಟಿಗೇಲಿ ಕಟ್ಟು ಅನ್ನೋರು ನೀವು. ಅವನ್ನ ಯಾಕೆ ದೂರ್ತೀರಿ?"

"ದೂರ್ತಿಲ್ಲಮ್ಮ. ಕೇಳ್ದೆ ಅಷ್ಟೆ."

"ಕೇಳೋದಾದ್ರೆ ಇನ್ನೂ ಇದೆ, ಕೇಳಿ."

ಅಕ್ಕ ಬುಟ್ಟಿಯಿಂದ ಒಂದು ಮುದುಡಿದ ಚೀಟಿ ತೆಗೆದಳು. ಮೂರನೆಯ ಪ್ಲಾಟ್‌ಫಾರ್ಮ್ ಗುಡಿಸುವವಳು ಬರೆದದ್ದು. ಏನು ಸಿಕ್ಕರೂ ಎಲ್ಲಿ, ಎಷ್ಟು ಹೊತ್ತಿಗೆ ಎಂದು ಬರೆಯದಿದ್ದರೆ ಅಕ್ಕ ಬುಟ್ಟಿಗೆ ಸೇರಿಸುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. 'ಗಡಿಯಾರದ ಕೆಳಗಿನ ಬೆಂಚಿನಡಿ. 8-05.'

"ಎಂಟು ಐದು. ಅವಳು ಬಿದ್ದಿದ್ದು ಎಂಟು ಹನ್ನೆರಡು. ಬೀಳೋಕೆ ಏಳು ನಿಮಿಷ ಮುಂಚೆ ಬೆಂಚಿನಡಿ ಸಿಕ್ಕಿದ ಹೆಡ್‌ಫೋನು ಅವಳ ಕಿವಿ ಮೇಲೆ ಹೇಗೆ ಹೋಯ್ತು? ರೆಕ್ಕೆ ಬಂದು ಹಾರಿತಾ?"

ಮ್ಯಾನೇಜರ್ ಚೀಟಿಯನ್ನು ತಿರುಗಿಸಿ ನೋಡಿದರು. ಹಿಂದೆ ಏನೂ ಇರಲಿಲ್ಲ. "ಅವರ ಹತ್ರ ಎರಡು ಇದ್ದಿರಬಹುದು."

"ಬೆಳಿಗ್ಗೆ ಆಫೀಸಿಗೆ ಬರೋಳು ಕುತ್ತಿಗೆಗೊಂದು ಕಿವಿಗೊಂದು ಹಾಕ್ಕೊಂಡು ಬರ್ತಾಳಾ ಸಾರ್? ನಮ್ಮ ಕಿವಿಗೆ ಹೂ ಇಡಬೇಡಿ."

"ಇರಬಹುದು ಅಂದೆ."

"ಇರಲಿ. ಈ ಚೀಲದ್ದನ್ನ ನೋಡಿ. ಫೋನು ಪುಡಿ ಪುಡಿ. ಅವಳ ತಲೆಗೆ ಹದಿನಾಲ್ಕು ಹೊಲಿಗೆ. ಆ ತಲೆ ಮೇಲಿದ್ದ ಹೆಡ್‌ಫೋನಿಗೆ ಒಂದು ಗೀರೂ ಇಲ್ಲ. ಕಿವಿಯಲ್ಲಿತ್ತು ಅಂತ ಯಾರು ನೋಡಿದ್ರು?"

"ಎಲ್ಲರೂ ಹೇಳ್ತಾರೆ."

"ಎಲ್ಲರೂ ಅಂದ್ರೆ ಯಾರೂ ಅಲ್ಲ."

ಮ್ಯಾನೇಜರ್ ಕುರ್ಚಿಯಲ್ಲಿ ಹಿಂದಕ್ಕೆ ಒರಗಿದರು. ದರ್ಜಿ ಕಿಟಕಿಯ ಕಡೆ ನೋಡಿದ. ಕಿಟಕಿಯ ಹೊರಗೆ ಮೂರನೆಯ ಪ್ಲಾಟ್‌ಫಾರ್ಮು, ಆ ಗಡಿಯಾರ, ಅದರ ಕೆಳಗಿನ ಬೆಂಚು. ಬೆಂಚಿನ ಮೇಲೆ ಮೂವರು ಕೂತಿದ್ದರು, ಮೂವರ ಕಿವಿಯೂ ಮುಚ್ಚಿತ್ತು.

ಅಕ್ಕನಿಗೆ ದನಿಯಮ್ಮ ಕಣ್ಮುಂದೆ ಬಂದಳು. ಗಾಡಿ ಹೊರಟ ಕೂಡಲೇ ಹೆಡ್‌ಫೋನ್ ಏರಿಸಿ ಕಣ್ಣು ಮುಚ್ಚುತ್ತಿದ್ದಳು. ಹಾಡಿಲ್ಲ, ಏನಿಲ್ಲ. ಮೊದಮೊದಲು ಅಕ್ಕನಿಗೆ ಅದು ಸೊಕ್ಕು ಎನಿಸಿತ್ತು. ಪಕ್ಕದಲ್ಲಿ ಮನುಷ್ಯರು ಕೂತಿದ್ದರೂ ಮುಖಕ್ಕೆ ಬಾಗಿಲು ಹಾಕಿದ ಹಾಗೆ! ಒಂದು ದಿನ ದನಿಯಮ್ಮ ತಾನೇ ತೆಗೆದು ಅಕ್ಕನ ತಲೆಗೆ ಇಟ್ಟಿದ್ದಳು. ಗಾಡಿಯ ಗುಂಯ್ ಎನ್ನುವ ಸದ್ದು ಯಾರೋ ನಲ್ಲಿ ತಿರುಗಿಸಿ ನಿಲ್ಲಿಸಿದಂತೆ ನಿಂತಿತ್ತು. "ದಿನಾ ಹತ್ತು ಗಂಟೆ ನಾನೇ ಮಾತಾಡ್ತೀನಕ್ಕ," ಎಂದಿದ್ದಳು. "ಪ್ರತಿ ಸ್ಟೇಷನ್ನಿನಲ್ಲೂ ನಂದೇ ಗಂಟಲು. ಹೋಗ್ತಾ ಬರ್ತಾ ಆದ್ರೂ ನನ್ನಿಂದ ನನಗೆ ರಜ ಬೇಡ್ವಾ?"

ಆದರೆ ಸ್ಟೇಷನ್ ಹತ್ತಿರ ಬಂದಾಗ ತಪ್ಪದೆ ತೆಗೆದು ಕುತ್ತಿಗೆಗೆ ಇಳಿಸುತ್ತಿದ್ದಳು. ಹೆಡ್‌ಫೋನ್ ಹಾಕಿಕೊಂಡು ಪ್ಲಾಟ್‌ಫಾರ್ಮಿಗೆ ಕಾಲಿಟ್ಟಿದ್ದನ್ನು ಅಕ್ಕ ಒಂಬತ್ತು ವರ್ಷದಲ್ಲಿ ಒಮ್ಮೆಯೂ ಕಂಡಿರಲಿಲ್ಲ. "ಊರಿಗೆಲ್ಲ ಹಳದಿ ಗೆರೆ ಅಂತ ಹೇಳಿ ನಾನೇ ಕಿವಿ ಮುಚ್ಕೊಂಡು ನಿಂತ್ರೆ ಜನ ನಗ್ತಾರೆ," ಎನ್ನುತ್ತಿದ್ದಳು.

ಇನ್ನೊಂದು ಮಾತು ಅಕ್ಕನನ್ನು ಕೊರೆಯುತ್ತಿತ್ತು. ಎಂಟು ಗಂಟೆಗೆ ಗಾಡಿ ಇಳಿದವಳು ನೆಟ್ಟಗೆ ಮೆಟ್ಟಿಲು ಹತ್ತಿ ಘೋಷಣೆಯ ಕೋಣೆಗೆ ಹೋಗುವುದು ವಾಡಿಕೆ. ಆ ದಿನ ಹನ್ನೆರಡು ನಿಮಿಷ ಪ್ಲಾಟ್‌ಫಾರ್ಮಿನಲ್ಲೇ ಇದ್ದಳು. ಯಾರಿಗಾಗಿಯೋ ಕಾದಿದ್ದಳು, ಇಲ್ಲವೇ ಯಾರೋ ಅವಳನ್ನು ತಡೆದು ನಿಲ್ಲಿಸಿದ್ದರು. ಕುತ್ತಿಗೆಯ ಹೆಡ್‌ಫೋನ್ ಬೆಂಚಿನಡಿಗೆ ಬೀಳುವಷ್ಟು ಜೋರಾಗಿ ಏನೋ ನಡೆದಿತ್ತು.

"ನೋಡಮ್ಮ," ಮ್ಯಾನೇಜರ್ ದನಿ ತಗ್ಗಿಸಿದರು. ಹಾವೂ ಸಾಯಬಾರದು ಕೋಲೂ ಮುರಿಯಬಾರದು ಎನ್ನುವಾಗ ಅವರು ಹಾಗೆ ತಗ್ಗಿಸುತ್ತಿದ್ದರು. "ಯಾರದೋ ಹೆಡ್‌ಫೋನು, ಒಂದೋ ಎರಡೋ. ಚಾಲಕ ಉದ್ದಕ್ಕೆ ಹಾರ್ನ್ ಹೊಡೆದಿದಾನೆ. ಅವರು ತಿರುಗಿ ನೋಡಲಿಲ್ಲ. ಸದ್ದು ಅಡಗಿಸೋ ಹೆಡ್‌ಫೋನಿನಲ್ಲಿ ಹೊರಗಿನದು ಒಂದು ಚೂರೂ ಕೇಳಿಸಲ್ಲ. ಡಬ್ಬದ ಮೇಲೇ ಬರೆದಿರತ್ತೆ."

"ನೀವು ಯಾವತ್ತಾದ್ರೂ ಹಾಕ್ಕೊಂಡಿದೀರಾ?"

"ನನಗೆ ಅಂಥ ಶೋಕಿ ಇಲ್ಲ."

"ಡಬ್ಬ ಓದಿ ಒಬ್ಬಳ ಹಣೆಬರಹ ಬರೆದುಬಿಟ್ರಾ?" ಅಕ್ಕನಿಗೆ ತಡೆಯಲಾಗಲಿಲ್ಲ. "ಬುಟ್ಟೀದು ನಾಲ್ಕು ದಿನ ಆನ್ ಆಗೇ ಬಿದ್ದು ಚಾರ್ಜ್ ಸತ್ತಿದೆ. ನಿಮ್ಮ ಚೀಲದ್ದೇ ಹಾಕ್ಕೊಳ್ಳಿ. ಹಾಕ್ಕೊಳ್ಳಿ ಸಾರ್, ಕಚ್ಚಲ್ಲ."

ಅವರು ಬೇಡವೆನ್ನುವ ಮೊದಲೇ ಚೀಲದ ಪಿನ್ನು ಕಿತ್ತು, ಹೆಡ್‌ಫೋನ್ ತೆಗೆದು, ಗುಂಡಿ ಒತ್ತಿ, ಮೇಜು ಬಳಸಿ ಹೋಗಿ ಅವರ ಬೋಳುತಲೆಗೆ ಏರಿಸಿಯೇಬಿಟ್ಟಳು.

"ಅಕ್ಕ, ಅದನ್ನ ಮುಟ್ಟಬೇಡಿ!" ಎಂದ ದರ್ಜಿ. ಅರ್ಧ ಎದ್ದಿದ್ದ. "ಅದು ಸಾಕ್ಷಿ ಅಲ್ವಾ..."

"ಸಾಕ್ಷೀನೇ ಬಾಯಿ ಬಿಡಲಿ ಅಂತಾನೇ ಮುಟ್ಟಿದ್ದು. ಕೂತ್ಕೊ."

ಮ್ಯಾನೇಜರ್ ಮುಖ ನೋಡುವ ಹಾಗಿತ್ತು. ಮೊದಲು ಬೆಚ್ಚಿದರು, ಆಮೇಲೆ ತಲೆಯ ಮೇಲಿನ ಫ್ಯಾನನ್ನು ನೋಡಿದರು. ಅದು ತಿರುಗುತ್ತಲೇ ಇತ್ತು. "ಫ್ಯಾನ್ ನಿಂತೋಯ್ತು!" ಎಂದು ಪಕ್ಕದ ಕಟ್ಟಡಕ್ಕೂ ಕೇಳುವಂತೆ ಕೂಗಿದರು. ಹೆಡ್‌ಫೋನ್ ಹಾಕಿಕೊಂಡವರೆಲ್ಲ ಕೂಗುವುದು ಹಾಗೆಯೇ. "ಯಾವುದೋ ಹೆಂಗಸು 'ಕನೆಕ್ಟೆಡ್' ಅಂದ್ಲು! ನಾನು ಹೇಳ್ಲಿಲ್ವಾ? ಏನೂ ಕೇಳಿಸಲ್ಲ!"

ಅಕ್ಕ ಬೆರಳಿನಿಂದ ಕಿಟಕಿ ತೋರಿಸಿದಳು.

ನಾಲ್ಕು ಹತ್ತರ ಗಾಡಿ ತಿರುವಿನಲ್ಲಿ ಕಾಣಿಸಿತು. ಹಾರ್ನ್ ಕಿರುಚಿತು. ಮ್ಯಾನೇಜರ್ ಕುರ್ಚಿಯಲ್ಲೇ ಒಂದು ಗೇಣು ಹಾರಿ, ಎರಡೂ ಕೈಗಳಿಂದ ಹೆಡ್‌ಫೋನ್ ಕಿತ್ತುಕೊಂಡರು.

"ಕೇಳಿಸ್ತಾ?"

ಮ್ಯಾನೇಜರ್ ಅದನ್ನು ಮೇಜಿನ ಮೇಲೆ ಹಾಕಿದರು.

"ಕಿಟಕಿ ಮುಚ್ಚಿದ ಕೋಣೇಲಿ ಕೂತೋರಿಗೇ ಕೇಳಿಸ್ತು. ಹತ್ತು ಹೆಜ್ಜೆ ದೂರದಲ್ಲಿ ನಿಂತೋಳಿಗೆ ಕೇಳಿಸಲ್ವಾ? ಇದು ಅಡಗಿಸೋದು ಒಂದೇ ಸಮ ಗುಂಯ್ ಅನ್ನೋ ಸದ್ದನ್ನ ಸಾರ್. ಫ್ಯಾನು, ಇಂಜಿನ್ನು, ಗಾಲಿ. ಹಠಾತ್ತನೆ ಕೂಗಿದ್ದು ಕೇಳೇ ಕೇಳತ್ತೆ. ಅವಳ ಕಿವಿ ಮೇಲೆ ಹತ್ತು ಹೆಡ್‌ಫೋನ್ ಇದ್ದಿದ್ರೂ ಆ ಹಾರ್ನ್ ಕೇಳಿರ್ತಿತ್ತು. ಕೇಳಿ, ತಿರುಗಿ, ಹಿಂದೆ ಸರಿಯೋಕೆ ಹೋಗಿರ್ತಾಳೆ. ಸರಿಯೋಕೆ ಬಿಟ್ಟಿಲ್ಲ ಯಾರೋ!"

ಕೊನೆಯ ಮಾತಿಗೆ ಅವಳ ದನಿ ಒಡೆಯಿತು. ನಾಲ್ಕು ದಿನದ ಸಿಟ್ಟು ಕಣ್ಣಿಗೆ ಬಂತು. ಅದನ್ನು ಅವಳು ಒರೆಸಿಕೊಳ್ಳಲೂ ಇಲ್ಲ.

ಮ್ಯಾನೇಜರ್ ಬಹಳ ಹೊತ್ತು ತಮ್ಮ ಕಿವಿ ಉಜ್ಜಿಕೊಂಡರು. ಆಮೇಲೆ ಬುಟ್ಟಿಯ ಅಡಿಯಿಂದ ವರದಿಯನ್ನು ಎಳೆದು, ಮಡಚಿ, ಖಾನೆಯೊಳಗೆ ಇಟ್ಟರು. "ಇವತ್ತು ಮುಚ್ಚಲ್ಲ. ರೆಕಾರ್ಡಿಂಗ್ ಇಟ್ಕೊಳ್ಳಿ ಅಂತ ಕಂಟ್ರೋಲ್ ರೂಮಿಗೆ ಬರೀತೀನಿ."

"ಈಗಲೇ."

"ಈಗಲೇ ಕಣಮ್ಮ, ಈಗಲೇ." ಅವರು ಲೆಟರ್ ಪ್ಯಾಡಿಗಾಗಿ ತಡಕಾಡಿದರು. ದರ್ಜಿಯ ಕೈಯಿಂದ ತಮ್ಮ ಪೆನ್ನನ್ನು ವಾಪಸು ಕೇಳಿದರು. ದರ್ಜಿ ಕೊಟ್ಟ, ಆದರೆ ತಕ್ಷಣ ಕೊಡಲಿಲ್ಲ.

ಅಕ್ಕನ ಎದೆ ಹಗುರಾಯಿತು. ಗೆದ್ದೆ ಎನಿಸಿತು. ದನಿಯಮ್ಮನ ಗಂಡನ ಹೆಗಲ ಮೇಲೆ ಕೈಯಿಟ್ಟು, "ಇನ್ನು ಹೆದರಬೇಡ," ಎಂದಳು. ಆ ಹೆಗಲು ಕಲ್ಲಿನಂತೆ ಬಿಗಿದಿತ್ತು. ಪಾಪ, ಎಂದುಕೊಂಡಳು.

ಮೇಜಿನ ಮೇಲೆ ಚೀಲದ ಹೆಡ್‌ಫೋನ್ ಬಿದ್ದಿತ್ತು. ಅದರ ಸಣ್ಣ ನೀಲಿ ದೀಪ ಉರಿಯುತ್ತಿತ್ತು.

ಆಗ ಅವಳಿಗೆ ಏನೋ ಚುಚ್ಚಿತು. ಮ್ಯಾನೇಜರ್ ಕೂಗಿದ ಮಾತು. ಹಾರ್ನಿನ ಗಲಾಟೆಯಲ್ಲಿ ಅವಳು ಅದನ್ನು ಹಾಗೇ ಬಿಟ್ಟುಬಿಟ್ಟಿದ್ದಳು.

ಕನೆಕ್ಟೆಡ್.

ಯಾವುದಕ್ಕೆ? ದನಿಯಮ್ಮನ ಫೋನು ಚೂರುಚೂರಾಗಿ ಚೀಲದಲ್ಲಿದೆ. ಮ್ಯಾನೇಜರ್ ಜನ್ಮದಲ್ಲಿ ಹೆಡ್‌ಫೋನ್ ಮುಟ್ಟಿದವರಲ್ಲ. ಅಕ್ಕನ ಸ್ವಂತ ಫೋನು ಕೌಂಟರಿನಲ್ಲೇ ಚಾರ್ಜಿಗೆ ಹಾಕಿದೆ. ಆದರೂ ಈ ವಸ್ತು ತನ್ನ ಜೋಡಿಯನ್ನು ಗುರುತು ಹಿಡಿದಿದೆ. ಕೌಂಟರಿನಲ್ಲಾಗಿದ್ದರೆ ಇಷ್ಟು ಹೊತ್ತಿಗೆ ಅವಳು ಎದ್ದು ನಿಂತು, ಯಾರದಪ್ಪಾ ಇದು ಎಂದು ಕೂಗುತ್ತಿದ್ದಳು.

ಕೈ ತನ್ನ ರೂಢಿಯಂತೆ ತಾನೇ ಹೋಯಿತು. ಹೆಡ್‌ಫೋನ್ ಎತ್ತಿ ಕಿವಿಗೆ ಇಟ್ಟುಕೊಂಡಳು. ಫ್ಯಾನಿನ ಸದ್ದು ನಿಂತಿತು.

ಮರುಕ್ಷಣ ಎರಡೂ ಕಿವಿಯೊಳಗೆ ಗಂಟೆ ಬಾರಿಸಿತು.

ಎದುರಿಗೆ ದರ್ಜಿ ಅಂಗಿಯ ಜೇಬಿಗೆ ಕೈ ಹಾಕಿ ಫೋನು ತೆಗೆದ. ಪರದೆ ನೋಡಿದ. "ಆಸ್ಪತ್ರೆ," ಎಂದು ಅವನ ತುಟಿ ಆಡಿತು. ಬೆರಳಿನಿಂದ ಒತ್ತಿ ಕಿವಿಗೆ ಹಿಡಿದ.

"ಹಲೋ ಸಾರ್, ವಾರ್ಡಿನಿಂದ ಮಾತಾಡ್ತಿರೋದು." ನರ್ಸಿನ ದನಿ ಅಕ್ಕನ ತಲೆಯ ನಟ್ಟನಡುವೆ ಕೇಳಿಸಿತು. "ನಿಮ್ಮ ಹೆಂಡತಿ ಕಣ್ಣು ಬಿಟ್ಟಿದಾರೆ."

ಅಕ್ಕನಿಗೆ ಕುಣಿಯುವಷ್ಟು ಸಂತೋಷವಾಯಿತು. ಬಾಯಿ ತೆರೆದಳು. ತೆರೆದ ಬಾಯಿ ಹಾಗೇ ಉಳಿಯಿತು. ಅವನಿಗೆ ಬಂದ ಕರೆ ತನ್ನ ಕಿವಿಗೆ ಯಾಕೆ ಬಂತು ಎಂದು ಕೇಳಿಕೊಂಡಳು. ಉತ್ತರ ಗೊತ್ತಿತ್ತು. ಕೌಂಟರಿನಲ್ಲಿ ಕೂತು ಇಷ್ಟು ವರ್ಷ ಅದೇ ಉತ್ತರವನ್ನು ಅವಳು ಸಾವಿರ ಜನರಿಗೆ ಹೇಳಿದ್ದಳು.

"ಹಲೋ? ಹಲೋ?" ದರ್ಜಿ ಫೋನನ್ನು ಕಿವಿಯಿಂದ ತೆಗೆದು ನೋಡಿ ಮತ್ತೆ ಹಿಡಿದ. "ಏನೂ ಕೇಳಿಸ್ತಿಲ್ಲ..."

"ಮಾತು ಹೊರಡ್ತಿಲ್ಲ ಸಾರ್, ಸನ್ನೆ ಮಾಡಿ ಕಾಗದ ಕೇಳಿದ್ರು. ಒಂದು ಸಾಲು ಬರೆದಿದಾರೆ. ಚೀಟಿ ಅಕ್ಕನಿಗೆ ಬಿಟ್ಟು ಬೇರೆ ಯಾರಿಗೂ ತೋರಿಸಬೇಡಿ ಅಂತ ಮೇಲೆ ಬೇರೆ ಬರೆದಿದಾರೆ. ಅದ್ಯಾರೋ ನಮಗೆ ಗೊತ್ತಿಲ್ಲ. ನೀವು ಮನೆಯವರೇ ತಾನೆ, ನಿಮಗೆ ಓದಿಬಿಡ್ತೀನಿ, ಕೇಳಿಸ್ಕೊಳ್ಳಿ..."

ದರ್ಜಿ ತಲೆ ಎತ್ತಿದ. ಅಕ್ಕನ ಮುಖ ನೋಡಿದ. ಅವಳ ಕಿವಿಯ ಮೇಲಿನ ಹೆಡ್‌ಫೋನ್ ನೋಡಿದ. ನೀಲಿ ದೀಪ ನೋಡಿದ.

ನಾಲ್ಕು ದಿನದಿಂದ ಅವಳು ಯಾವ ಮುಖಕ್ಕಾಗಿ ಮರುಗಿದ್ದಳೋ, ಯಾವ ಮುಖದ ಪರವಾಗಿ ಊರಿನ ಜೊತೆ ಜಗಳ ಆಡಿದ್ದಳೋ, ಆ ಮುಖದಲ್ಲಿ ಮೆತ್ತಗಿದ್ದುದೆಲ್ಲ ಎಲ್ಲೋ ಹೋಗಿತ್ತು. ಇವನನ್ನೇ ತಮ್ಮಾ ಅಂದೆನಲ್ಲ ಎಂದು ಅವಳಿಗೆ ಮೈಯೆಲ್ಲ ಬೆಂಕಿಯಾಯಿತು.

"ತಡೀರಿ ಸಿಸ್ಟರ್, ತ..."

ಅವನ ಹೆಬ್ಬೆರಳು ಪರದೆಯ ಮೇಲೆ ಜಾರಿತು.

'ಡಿಸ್ಕನೆಕ್ಟೆಡ್,' ಎಂದಳು ಒಳಗಿನ ಹೆಂಗಸು.

ಆಮೇಲೆ ಏನೂ ಇಲ್ಲ. ಫ್ಯಾನಿಲ್ಲ, ನರ್ಸಿಲ್ಲ. ಕಡಿದದ್ದು ಈ ಕಿವಿಯ ನಂಟು ಮಾತ್ರ, ಕರೆಯಲ್ಲ. ಅಕ್ಕನಿಗಾಗಿ ಬರೆದ ಆ ಒಂದು ಸಾಲನ್ನು ದರ್ಜಿ ಫೋನಿಗೆ ಕಿವಿಯೊತ್ತಿ, ಕಣ್ಣು ಅವಳ ಮೇಲಿಂದ ತೆಗೆಯದೆ, ಪೂರ್ತಿ ಕೇಳಿಸಿಕೊಂಡ. ಎರಡು ಸಲ ತಲೆಯಾಡಿಸಿದ. ಫೋನು ಜೇಬಿಗೆ ಹಾಕಿಕೊಂಡ.

ಅಕ್ಕ ಹೆಡ್‌ಫೋನ್ ಕೆಳಗಿಳಿಸಿದಳು.

"ಏನಂತ್ರೀ?" ಕಾಗದದಿಂದ ತಲೆಯೆತ್ತದೆ ಕೇಳಿದರು ಮ್ಯಾನೇಜರ್.

"ಒಳ್ಳೆ ಸುದ್ದಿ ಸಾರ್. ಕಣ್ಣು ಬಿಟ್ಟಿದಾಳಂತೆ." ದರ್ಜಿಯ ದನಿ ಯಾವತ್ತಿನಂತೆ ಮೆತ್ತಗಿತ್ತು. ಎದ್ದು ಅಕ್ಕನಿಗಾಗಿ ಬಾಗಿಲು ತೆರೆದು ಹಿಡಿದ. "ಅಕ್ಕನ್ನ ಕೇಳ್ತಿದಾಳಂತೆ. ಬನ್ನಿ ಅಕ್ಕ, ಒಟ್ಟಿಗೇ ಹೋಗೋಣ. ಗಾಡಿ ಮೂರನೇ ಪ್ಲಾಟ್‌ಫಾರ್ಮಿಗೇ ಬರತ್ತೆ."

ತೆರೆದ ಬಾಗಿಲಿನಿಂದ ಸ್ಪೀಕರಿನ ಸದ್ದು ಒಳಗೆ ಬಂತು. ಪ್ರಯಾಣಿಕರು ದಯವಿಟ್ಟು ಹಳದಿ ಗೆರೆಯಿಂದ ಹಿಂದೆ ನಿಲ್ಲಿ ಎಂದು ದನಿಯಮ್ಮ ಕೇಳಿಕೊಳ್ಳುತ್ತಿದ್ದಳು.